ಹೊಡೆದದ್ದಕ್ಕಿಂತ ಹೊಡೆಸಿದ್ದೇ ಹೆಚ್ಚು

2025ರ ಏಪ್ರಿಲ್‌ನಲ್ಲಿ ರಷ್ಯಾದ ಅಲೆಕ್ಸಾಂಡರ್ ಒವೆಚ್ಕಿನ್ ಅವರು ಕೆನಡಾದ ವೇಯ್ನ್ ಗ್ರೆಟ್ಸ್‌ಕಿಯವರ 894 ಗೋಲುಗಳ ಎನ್‌ಎಚ್‌ಎಲ್ (ಉತ್ತರ ಅಮೆರಿಕದ ಐಸ್ ಹಾಕಿ ಲೀಗ್) ದಾಖಲೆ ಮುರಿದರು. ಇದರಿಂದ ಗ್ರೆಟ್ಸ್‌ಕಿಯವರ ಹಿರಿಮೆ ಕುಗ್ಗಿತೆನ್ನುವುದು ಅವಸರದ ತೀರ್ಪು. 1999ರಲ್ಲಿ ನಿವೃತ್ತರಾದ ಅವರ ನಿಜವಾದ ಕಸುಬು ಗೋಲು ಹೊಡೆಸುವುದಾಗಿತ್ತು. ಐಸ್ ಹಾಕಿಯಲ್ಲಿ ಗೋಲಿಗೆ ಮುನ್ನ ಪಕ್ (ಚೆಂಡಿನ ಬದಲಿಗೆ ಬಳಸುವ ರಬ್ಬರ್ ಬಿಲ್ಲೆ) ದಾಟಿಸಿದ ಇಬ್ಬರವರೆಗೆ 'ಅಸಿಸ್ಟ್' ಸಲ್ಲುತ್ತದೆ. ಗೋಲಿಗೂ ಅಸಿಸ್ಟಿಗೂ ತಲಾ ಒಂದು ಅಂಕ. ಗ್ರೆಟ್ಸ್‌ಕಿಯವರ ಅಸಿಸ್ಟ್‌ಗಳೇ 1,963. ಒಟ್ಟು ಅಂಕಗಳಲ್ಲಿ ಎರಡನೆಯವರಾದ ಯಾರೊಮಿರ್ ಯಾಗರ್ ಅವರದು ಗೋಲು, ಅಸಿಸ್ಟ್ ಎರಡೂ ಸೇರಿ 1,921! ಗ್ರೆಟ್ಸ್‌ಕಿ ಪಕ್ ಹಿಡಿದು ಎದುರಾಳಿಯ ಗೋಲಿನ ಬಲೆಯ ಹಿಂದೆ ನಿಲ್ಲುತ್ತಿದ್ದರು. ಗೋಲ್‌ಕೀಪರ್ ಕತ್ತು ತಿರುಗಿಸಿ ಅವರನ್ನೇ ನೋಡುತ್ತಿದ್ದರೆ, ಎದುರಿನಿಂದ ನುಗ್ಗಿದ ಜೊತೆಗಾರ ಕಣ್ಣಿಗೆ ಬೀಳುತ್ತಿರಲಿಲ್ಲ. ಎದುರಾಳಿ ಅಟ್ಟಿಸಿಕೊಂಡು ಬಂದರೆ ಬಲೆಯ ಇನ್ನೊಂದು ಬದಿಯಿಂದ ಜಾರಿಕೊಳ್ಳುತ್ತಿದ್ದರು.

ಎಂಬತ್ತರ ದಶಕದಲ್ಲಿ ಗೋಲುಗಳು ಸಲೀಸಾಗಿ ಬೀಳುತ್ತಿದ್ದವು, ಗ್ರೆಟ್ಸ್‌ಕಿಯವರ ಎಡ್ಮಂಟನ್ ತಂಡವೂ ಬಲಿಷ್ಠವಾಗಿತ್ತು ಎಂಬ ಆಕ್ಷೇಪವಿದೆ. ಎರಡೂ ನಿಜ. 1988ರಲ್ಲಿ ಅವರನ್ನು ಲಾಸ್ ಏಂಜಲಿಸ್‌ಗೆ ಬಿಟ್ಟುಕೊಟ್ಟ ಮೇಲೂ ಎಡ್ಮಂಟನ್ 1990ರಲ್ಲಿ ಲೀಗಿನ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದಿತು. ಆದರೆ ಆ ಸಲೀಸು ಎಲ್ಲ ಆಟಗಾರರಿಗೂ ಇತ್ತಲ್ಲ? ಒಂದೇ ಋತುವಿನಲ್ಲಿ 200 ಅಂಕಗಳ ಗಡಿಯನ್ನು ಗ್ರೆಟ್ಸ್‌ಕಿ ನಾಲ್ಕು ಸಲ ದಾಟಿದರು. ಬೇರೆ ಯಾರೂ ಒಮ್ಮೆಯೂ ದಾಟಿಲ್ಲ. ಮಾರಿಯೊ ಲೆಮ್ಯೂ, ಪಾಪ, 199ಕ್ಕೆ ನಿಂತರು. ಹಳೆಯ ಜೊತೆಗಾರರೇ ಕಾರಣವಾಗಿದ್ದರೆ ಲಾಸ್ ಏಂಜಲಿಸ್‌ನಲ್ಲಿ ಅವರ ಆಟ ಸೊರಗಬೇಕಿತ್ತು. ಅಲ್ಲಿಯೂ ಅವರು ಮೂರು ಋತುಗಳಲ್ಲಿ ಇಡೀ ಲೀಗಿನ ಅಂಕಪಟ್ಟಿಯಲ್ಲಿ ಮೊದಲಿಗರಾಗಿದ್ದರು.