ಏರಿನಲ್ಲಿ ಗಾಡಿ ಆಫ್ ಆಗದ ಹಾಗೆ

ಕಳೆದ ಭಾನುವಾರ ಕಾಟಿಪಳ್ಳದ ಒಂದು ಏರಿನಲ್ಲಿ, ಎಲ್ ಬೋರ್ಡ್ ಹಾಕಿದ ಮಾವನ ಕಾರನ್ನು ಬಸ್ಸಿನ ಹಿಂದೆ ನಿಲ್ಲಿಸಿದ್ದೆ. ಬಸ್ಸು ಹೊರಟಿತು, ನನ್ನ ಗಾಡಿ ಆಫ್. ಎರಡನೇ ಸಲವೂ ಆಫ್ ಆಗಿ ಹಿಂದಕ್ಕೆ ಜಾರಿತು. ಹಿಂದೆ ಸ್ಕೂಟರಿನಲ್ಲಿ ಒಂದು ಪುಟ್ಟ ಮಗು ಇತ್ತು. ಮಾವ ಹ್ಯಾಂಡ್‌ಬ್ರೇಕ್ ಎಳೆದರು. "ಕ್ಲಚ್ ಹಾಗೆ ಬಿಡುದಾ ಮಾರಾಯ?"

ಆಗಿದ್ದು ಇಷ್ಟೇ. ಆಕ್ಸಿಲರೇಟರ್ ಒತ್ತದಿದ್ದಾಗ ಎಂಜಿನ್ ಸುಮಾರು 800 ಆರ್‌ಪಿಎಂನಲ್ಲಿ ತಿರುಗುತ್ತದೆ, ಅಲ್ಲಿ ಅದರ ಶಕ್ತಿ ಕಡಿಮೆ. ನಿಂತ ಚಕ್ರಗಳ ಭಾರ ಒಮ್ಮೆಲೇ ಬಿದ್ದರೆ ಎಂಜಿನ್ನೇ ನಿಲ್ಲುತ್ತದೆ. ಕ್ಲಚ್ ಪ್ಲೇಟ್ ಸ್ವಲ್ಪ ಜಾರುತ್ತಾ ಹಿಡಿದರೆ ಎರಡರ ವೇಗವೂ ನಿಧಾನಕ್ಕೆ ಹೊಂದಿಕೊಳ್ಳುತ್ತದೆ.

ಹಾಗಾಗಿ ಏರಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕಿಯೇ ಫಸ್ಟ್ ಗೇರಿಗೆ ಬನ್ನಿ. ಸುಮಾರು 1500 ಆರ್‌ಪಿಎಂ ಬರುವಷ್ಟು ಆಕ್ಸಿಲರೇಟರ್ ಕೊಟ್ಟು, ಕ್ಲಚ್ ಮೆಲ್ಲ ಬಿಡಿ. ಎಂಜಿನ್ ಸದ್ದು ತಗ್ಗಿ ಬಾನೆಟ್ ತುಸು ಎದ್ದರೆ ಕ್ಲಚ್ ಹಿಡಿಯಿತು ಅಂತ. ಕಾಲು ಅಲ್ಲೇ ಇಟ್ಟು ಹ್ಯಾಂಡ್‌ಬ್ರೇಕ್ ಇಳಿಸಿ. ಕಾರು ಚಲಿಸಿದ ಮೇಲೆಯೇ ಕ್ಲಚ್ ಪೂರ್ತಿ ಬಿಡಿ. ಅರ್ಧ ಕ್ಲಚ್ಚಿನಲ್ಲೇ ನಿಂತುಕೊಂಡಿದ್ದರೆ ಮಾತ್ರ ಪ್ಲೇಟ್ ಸುಡುತ್ತದೆ.

ಮೂರನೇ ಸಲ ಕಾರು ಹೊರಟಿತು. ಸ್ಕೂಟರಿನವರು ಒಂದು ಹಾರ್ನ್ ಕೂಡ ಹಾಕದೆ ಕಾದಿದ್ದರು. ಮುಂದೆ ಎಲ್ ಬೋರ್ಡ್ ಕಂಡರೆ ನಾನೂ ಸ್ವಲ್ಪ ದೂರ ಬಿಟ್ಟೇ ನಿಲ್ಲುತ್ತೇನೆ.