ಎತ್ತಿನ ನಡಿಗೆ: ಬರೆದದ್ದೆಷ್ಟು, ನಿಜವೆಷ್ಟು?

ಎತ್ತು ಕೊಳ್ಳುವಾಗ ರೈತರು ಹಲ್ಲು, ಸುಳಿ, ಕೊಂಬು, ಗೊರಸುಗಳನ್ನು ನೋಡಿ, ಆಮೇಲೆ ನಾಲ್ಕು ಹೆಜ್ಜೆ ನಡೆಸಿ ನೋಡುವುದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯಲ್ಲಿ ಹಿಂದಿನಿಂದ ಬಂದ ರೂಢಿ. ಈಚೆಗೆ ಇದರ ಜೊತೆಗೆ ಪತ್ರಿಕೆ, ಕರಪತ್ರ ಮತ್ತು ಮೊಬೈಲುಗಳಲ್ಲಿ ಬರುವ ತಳಿಗಳ ವರ್ಣನೆಯೂ ಸೇರಿಕೊಂಡಿದೆ. ಗಾಳಿಯಂತೆ ಓಡುತ್ತದೆ, ದಣಿವೇ ಇಲ್ಲ ಎಂಬ ಮಾತುಗಳನ್ನು ನಂಬಿ ಒಂದು ಜೋಡಿಗೆ ಲಕ್ಷ ರೂಪಾಯಿ ಮೀರಿ ಕೊಟ್ಟವರು, ಬಿತ್ತನೆಯ ಹೊತ್ತಿಗೆ ಅದೇ ಜೋಡಿಯನ್ನು ಹಿಡಿದು ನಿಲ್ಲಿಸುವುದರಲ್ಲಿಯೇ ಸೋಲುವುದುಂಟು. ಆದುದರಿಂದ ನಡಿಗೆಯ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು.

ಎತ್ತು ಸಾವಕಾಶವಾಗಿ ನಡೆಯುವಾಗ ನಾಲ್ಕು ಕಾಲುಗಳೂ ಒಂದಾದ ಮೇಲೊಂದು ನೆಲಕ್ಕೆ ಬೀಳುತ್ತವೆ. ಮೊದಲು ಎಡ ಹಿಂಗಾಲು, ಅನಂತರ ಎಡ ಮುಂಗಾಲು, ಆಮೇಲೆ ಬಲ ಹಿಂಗಾಲು, ಕೊನೆಗೆ ಬಲ ಮುಂಗಾಲು. ಕುಕ್ಕುಲೋಟದಲ್ಲಿ ಹೀಗಲ್ಲ, ಒಂದು ಹಿಂಗಾಲು ಮತ್ತು ಅದರ ಎದುರು ಪಕ್ಕದ ಮುಂಗಾಲು ಒಟ್ಟಿಗೆ ಬೀಳುತ್ತವೆ. ಇದಕ್ಕಿಂತ ವೇಗವಾದದ್ದು ನಾಗಾಲೋಟ. ಈ ಮಾತಿನಲ್ಲಿ ನಾಗರಹಾವನ್ನು ಹುಡುಕುವವರಿದ್ದಾರೆ. ಅದು ನಾಲ್ಕು ಕಾಲಿನ ಓಟ, ಅಷ್ಟೆ. ಹೊಲದ ಕೆಲಸವೆಲ್ಲ ನಡೆಯುವುದು ಮೊದಲನೆಯ ನಡಿಗೆಯಲ್ಲಿ. ಕಾರಹುಣ್ಣಿಮೆಯ ದಿನ ಕರಿ ಹರಿಯುವಾಗ ಕಾಣುವ ಓಟ ನೇಗಿಲಿಗೆ ಬರುವುದಿಲ್ಲ.

ಕಣ್ಣಿಗೆ ಕಂಡಂತೆ ಬರೆದರೂ ತಪ್ಪಾಗಬಹುದೆಂಬುದಕ್ಕೆ ಕುದುರೆಯೇ ಸಾಕ್ಷಿ. ಓಡುವ ಕುದುರೆ ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿ ಗಾಳಿಯಲ್ಲಿ ತೇಲುವಂತೆ ಯುರೋಪಿನ ಚಿತ್ರಕಾರರು ಬಹುಕಾಲ ಬರೆದರು. 1878ರಲ್ಲಿ ಅಮೆರಿಕದಲ್ಲಿ ಮೈಬ್ರಿಡ್ಜ್ ಎಂಬಾತ ಸಾಲಾಗಿ ಕ್ಯಾಮೆರಾಗಳನ್ನಿಟ್ಟು ಫೋಟೋ ತೆಗೆದಾಗ, ನಾಲ್ಕು ಕಾಲುಗಳೂ ನೆಲ ಬಿಡುವುದು ಅವು ಹೊಟ್ಟೆಯ ಕೆಳಗೆ ಮಡಚಿಕೊಂಡಾಗ ಎಂದು ತಿಳಿಯಿತು. ಐಸ್‌ಲ್ಯಾಂಡ್ ದೇಶದ ಕುದುರೆಯ ಬಗ್ಗೆಯೂ ಇಂಥದೇ ತಪ್ಪು ನಡೆದಿದೆ. ಅದರ ‘ಟೋಲ್ಟ್’ ಎಂಬ ನಡಿಗೆ ಲೋಕದಲ್ಲಿ ಬೇರೆಲ್ಲೂ ಇಲ್ಲ, ಆ ತಳಿಯ ಪ್ರತಿಯೊಂದಕ್ಕೂ ಐದು ಬಗೆಯ ನಡೆ ಬರುತ್ತದೆ ಎಂದು ಬರೆಯುವವರು ಬಹಳ. ಟೋಲ್ಟ್‌ನಲ್ಲಿ ಕಾಲು ಬೀಳುವ ಕ್ರಮ ಸಾದಾ ನಡಿಗೆಯದೇ. ವೇಗ ಮಾತ್ರ ಹೆಚ್ಚು. ಇದನ್ನು ಹೋಲುವ ನಡೆ ಅಮೆರಿಕದ ಕೆಲವು ತಳಿಗಳಲ್ಲಿದೆ. ನಮ್ಮ ಮಾರ್ವಾಡಿ, ಕಾಠಿಯಾವಾಡಿ ಕುದುರೆಗಳ ‘ರೇವಾಲ್’ ಕೂಡ ಸವಾರನನ್ನು ಕುಲುಕದ ನಡೆಯೆಂದು ಹೆಸರಾದುದು. ಐದನೆಯದಾದ, ಒಂದೇ ಪಕ್ಕದ ಎರಡು ಕಾಲುಗಳನ್ನು ಒಟ್ಟಿಗೆ ಹಾಕಿ ಓಡುವ ಓಟ ಐಸ್‌ಲ್ಯಾಂಡಿನ ಎಲ್ಲ ಕುದುರೆಗಳಿಗೂ ಬರುವುದಿಲ್ಲ. ಇಂಥ ನಡೆಗಳಿಗೆ ಡಿಎಂಆರ್‌ಟಿ3 ಎಂಬ ವಂಶವಾಹಿಯಲ್ಲಿನ ಒಂದು ಸಣ್ಣ ಬದಲಾವಣೆ ಮುಖ್ಯ ಕಾರಣವೆಂದು 2012ರಲ್ಲಿ ಪ್ರಕಟವಾಯಿತು. ಆ ಬದಲಾವಣೆ ಹಲವು ದೇಶಗಳ ತಳಿಗಳಲ್ಲಿ ಕಂಡುಬಂದಿದೆ.

ನಮ್ಮ ಎತ್ತುಗಳ ವಿಷಯಕ್ಕೆ ಬರೋಣ. ಅಮೃತಮಹಲ್ ತಳಿಯ ಬಗ್ಗೆ ಬರೆಯುವ ಎಲ್ಲರೂ ಹೈದರಾಲಿಯ ಸೈನ್ಯವನ್ನು ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿಸಿದ ಕಥೆಯನ್ನು ಹೇಳುತ್ತಾರೆ. ಓದಿದವರಿಗೆ ಎತ್ತುಗಳು ದೌಡಾಯಿಸಿದ ಚಿತ್ರ ಕಾಣುತ್ತದೆ. ಲೆಕ್ಕ ಹಾಕಿ ನೋಡಿರಿ. ನೂರು ಮೈಲಿ ಎಂದರೆ ಸುಮಾರು 160 ಕಿ.ಮೀ. ಎರಡೂವರೆ ದಿನದಲ್ಲಿ 60 ತಾಸು. ಹಗಲೂ ರಾತ್ರಿ ನಡೆದರೆ ತಾಸಿಗೆ 2.7 ಕಿ.ಮೀ.; ಅರ್ಧ ಹೊತ್ತು ವಿಶ್ರಾಂತಿ ಕೊಟ್ಟರೂ 5.3 ಕಿ.ಮೀ. ಆದುದರಿಂದ ಕಥೆ ನಿಜವೇ ಆಗಿದ್ದರೂ ಅದು ಹೇಳುವುದು ಓಟವನ್ನಲ್ಲ, ತಾಳಿಕೆಯನ್ನು. ಕೊಳ್ಳುವವನಿಗೆ ಬೇಕಾದುದೂ ತಾಳಿಕೆಯೇ.

ಖಿಲಾರಿ ಚುರುಕಾದ ತಳಿ ಎಂಬುದು ಸುಳ್ಳಲ್ಲ. ಬಂಡಿಗೆ, ಹಗುರ ಮಸಾರಿ ಹೊಲಕ್ಕೆ ಅದು ಚೆನ್ನ. ಕೃಷ್ಣಾ ಕಣಿವೆ ತಳಿಯನ್ನು ಕೆಲವರು ಅನಾದಿಕಾಲದ್ದೆಂದು ಬರೆಯುತ್ತಾರೆ. ವಾಸ್ತವವಾಗಿ ಅದು 19ನೆಯ ಶತಮಾನದ ಕೊನೆಯ ಭಾಗದಲ್ಲಿ ದಕ್ಷಿಣ ಮರಾಠಾ ಸಂಸ್ಥಾನಿಕರು ಗೀರ್, ಓಂಗೋಲ್, ಕಾಂಕ್ರೇಜ್ ಹಾಗೂ ಮೈಸೂರು ಕಡೆಯ ರಾಸುಗಳನ್ನು ಬೆರೆಸಿ ಬೆಳೆಸಿದ್ದು. ಅಂಟುವ ಎರೆಭೂಮಿಯಲ್ಲಿ ರಂಟೆ ಎಳೆಯಲೆಂದೇ ಬೆಳೆಸಿದ ಭಾರವಾದ, ನಿಧಾನ ನಡೆಯ ಎತ್ತು ಅದು. ನಿಧಾನವೆಂಬುದನ್ನು ದೋಷವೆಂದು ಬರೆಯುವವರು ಎರೆಹೊಲದಲ್ಲಿ ರಂಟೆ ಹಿಡಿದವರಲ್ಲ. ಎಳೆಯುವ ಬಲ ಮತ್ತು ವೇಗ ಎರಡೂ ಸೇರಿ ಕೆಲಸವಾಗುತ್ತದೆ. ಮಣ್ಣು ಬಿಗಿಯಾದಷ್ಟೂ ಬಲದ ಪಾಲು ಹೆಚ್ಚು.

ವೇಗದಿಂದ ನಿಜವಾದ ನಷ್ಟವಾಗುವುದು ಕೂರಿಗೆಯಲ್ಲಿ. ಕುಷ್ಟಗಿ, ಯಲಬುರ್ಗಾ ಭಾಗದ ಮಳೆಯಾಶ್ರಿತ ಹೊಲದಲ್ಲಿ 30 ಸೆಂ.ಮೀ. ಅಂತರದ ಮೂರು ತಾಳಿನ ಕೂರಿಗೆ ಹೂಡಿದರೆ ಒಂದು ಸಾಗಿಗೆ 90 ಸೆಂ.ಮೀ. ಅಗಲ ಸಿಗುತ್ತದೆ. ಎತ್ತುಗಳು ತಾಸಿಗೆ 2.5 ಕಿ.ಮೀ. ನಡೆದರೆ, ತಿರುವಿನ ಹೊತ್ತು ಬಿಟ್ಟು, ಸುಮಾರು 22 ಗುಂಟೆ ಬಿತ್ತನೆಯಾದೀತು. 3.5 ಕಿ.ಮೀ. ನಡೆದರೆ 31 ಗುಂಟೆ. ಲಾಭವೆಂದೇ ತೋರುತ್ತದೆ. ಆದರೆ ಹಿಂದೆ ಬಟ್ಟಲಿಗೆ ಬೀಜ ಬಿಡುವ ಹೆಣ್ಣುಮಗಳ ಕೈ ಎತ್ತಿನ ಜೊತೆ ವೇಗ ಹೆಚ್ಚಿಸಿಕೊಳ್ಳುವುದಿಲ್ಲ. ಆಕೆ ಮೊದಲಿನಷ್ಟೇ ಬೀಜ ಬಿಡುತ್ತಿದ್ದರೆ ಸಾಲಿನಲ್ಲಿ ನೂರಕ್ಕೆ 28ರಷ್ಟು ಬೀಜ ಕಡಿಮೆ ಬೀಳುತ್ತದೆ. ಇದರ ಮೇಲೆ ಕೂರಿಗೆ ಪುಟಿದು ಕೆಲವು ಬೀಜ ಹಸಿಯ ಮೇಲೆಯೇ ಉಳಿಯುತ್ತದೆ. ಮೊಳಕೆ ಬಾರದಿದ್ದಾಗ ಬೀಜ ಕೊಟ್ಟ ಅಂಗಡಿಯವನನ್ನು ಬೈಯುವುದು ಸುಲಭ.

ಗಂಗಾವತಿಯ ಕಾಲುವೆ ನೀರಿನ ಭತ್ತದ ಗದ್ದೆಗಳಿಗೆ ಈ ಮಾತು ಹೆಚ್ಚು ಅನ್ವಯಿಸುವುದಿಲ್ಲ. ಅಲ್ಲಿ ಕೆಸರು ಮಾಡುವುದು ಬಹುಮಟ್ಟಿಗೆ ಟ್ರ್ಯಾಕ್ಟರಿನ ಪಾಲಾಗಿದೆ.

ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಬಹುದು. 50 ಮೀಟರು ಹಗ್ಗ ಹಾಸಿ, ಜೋಡಿಗೆ ನೊಗ ಹೂಡಿ, ಹದವಾದ ಭಾರ ಎಳೆಸಿ ಗಡಿಯಾರ ನೋಡಬೇಕು. 72 ಸೆಕೆಂಡು ಹಿಡಿದರೆ ವೇಗ ತಾಸಿಗೆ 2.5 ಕಿ.ಮೀ.; 50 ಸೆಕೆಂಡಿಗೇ ಮುಗಿದರೆ 3.6 ಕಿ.ಮೀ. ಚಾಟಿ, ಬಾರುಕೋಲು, ಕೂಗಾಟ ಕೂಡದು. ಒಂದು ತಾಸು ಕೆಲಸ ಮಾಡಿಸಿ ಮತ್ತೊಮ್ಮೆ ಅಳೆಯಬೇಕು. ಮಾರುವವನು ಇದಕ್ಕೆ ಒಪ್ಪದಿದ್ದರೆ ಅದೂ ಒಂದು ಉತ್ತರವೇ. ನೊಗ ಒಂದು ಕಡೆಗೆ ವಾಲಿದರೆ ಎರಡರ ನಡಿಗೆ ಕೂಡುವುದಿಲ್ಲವೆಂದು ತಿಳಿಯತಕ್ಕದ್ದು. ಹಸಿ ನೆಲದಲ್ಲಿ ನಡೆಸಿ ಹೆಜ್ಜೆ ಗುರುತು ನೋಡಿರಿ: ಚೆನ್ನಾಗಿ ನಡೆಯುವ ಎತ್ತಿನ ಹಿಂಗಾಲು ಮುಂಗಾಲಿನ ಗುರುತಿನ ಹತ್ತಿರವೇ ಬೀಳುತ್ತದೆ. ಒಂದು ಮುಂಗಾಲು ಊರಿದಾಗಲೆಲ್ಲ ತಲೆ ಮೇಲಕ್ಕೆ ಹೋಗುತ್ತಿದ್ದರೆ ಆ ಕಾಲಿನಲ್ಲಿ ನೋವಿದೆ. ಲಾಳ ಬಿಚ್ಚಿಸಿ ಗೊರಸು ನೋಡಿದ ಮೇಲೆಯೇ ಬೆಲೆಯ ಮಾತು ಆಡಬೇಕು.