100 ಸಿ.ಸಿ. ಬೈಕು ಏರು ಹತ್ತೀತೇ?

ಪ್ರಶ್ನೆ: ಹಾರನಹಳ್ಳಿಯಿಂದ ಅರಸೀಕೆರೆಗೆ ದಿನಾ ಓಡಾಟ, ಆಗಾಗ ಒಂದು ಮೂಟೆ ತೆಂಗಿನಕಾಯಿ. 100 ಸಿ.ಸಿ. ಬೈಕು ಸಾಕೇ?

ಉತ್ತರ: ಧಾರಾಳವಾಗಿ ಸಾಕು. ಸ್ಪ್ಲೆಂಡರ್‌ನ 97.2 ಸಿ.ಸಿ. ಎಂಜಿನ್ನಿಗೆ ಸುಮಾರು 8 ಅಶ್ವಶಕ್ತಿ. ಅದು ಪೂರ್ತಿ ಸಿಗುವುದು ಎಂಜಿನ್ ನಿಮಿಷಕ್ಕೆ 8,000 ಸುತ್ತು ತಿರುಗಿದಾಗ. ಎಳೆತ ಜೋರಾಗುವುದು 6,000ದ ಆಸುಪಾಸಿನಲ್ಲಿ. ಲೋಡು ಹೇರಿಕೊಂಡು ಏರಿನಲ್ಲೂ ನಾಲ್ಕನೇ ಗೇರಿಗೇ ಅಂಟಿಕೊಂಡರೆ ಎಂಜಿನ್ ಕಟಕಟ ಎಂದು ಮುಕ್ಕರಿಯುತ್ತದೆ. ಆಗ 'ಪಿಕಪ್ಪೇ ಇಲ್ಲ' ಅಂತ ಬೈಸಿಕೊಳ್ಳುವುದು ಪಾಪ, ಬೈಕು. ಮೂರಕ್ಕಿಳಿಸಿ, ಹತ್ತುತ್ತದೆ. ಇಬ್ಬರು ಕೂತು ಪದೇಪದೇ ಚಾರ್ಮಾಡಿ ಘಾಟಿ ಹತ್ತುವವರು, ಹೆದ್ದಾರಿಯಲ್ಲಿ ಲಾರಿ ಹಿಂದಿಕ್ಕುವವರು 125 ಕೊಳ್ಳಲಿ. ಮೂಟೆಯನ್ನು ಮಾತ್ರ ಕ್ಯಾರಿಯರಿನ ತುದಿಗೆ ಕಟ್ಟದೆ ಸೀಟಿನ ಮೇಲೆ ಮುಂದಕ್ಕೆಳೆದು ಬಿಗಿಯಿರಿ. ಮುಂದಿನ ಚಕ್ರ ಹಗುರಾದರೆ ಎಷ್ಟು ಸಿ.ಸಿ. ಇದ್ದರೂ ಹ್ಯಾಂಡಲ್ ಮಾತು ಕೇಳುವುದಿಲ್ಲ.